‘ಬರ್ತೀನಿ’ ಅಂದ್ರೆ ಬರೋದಾ, ಹೋಗೋದಾ?

ದಸರಾ ರಜೆಗೆ ಬಳ್ಳಾರಿಯಿಂದ ಅಣ್ಣನ ಮಕ್ಕಳಿಬ್ಬರೂ ಸಿದ್ದಾಪುರದ ನಮ್ಮ ಮನೆಗೆ ಬಂದಿದ್ದರು. ಅಕ್ಕನಿಗೆ 12 ವರ್ಷ, ತಮ್ಮನಿಗೆ 9. ಈ ಸಲ ಅವರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಅವರಪ್ಪ ತಂದುಕೊಟ್ಟ ಮೂರು ವಾಕಿಟಾಕಿಗಳಿದ್ದವು. ಬೆಳಿಗ್ಗೆ ತಿಂಡಿ ತಿಂದು ಹೊರಬಿದ್ದರೆಂದರೆ ಶೇಂಗಾ ಹೊಲ, ಬಂಡೆಗುಂಡು, ಹುಣಸೆಮರ ಎಲ್ಲ ಕಡೆಯಿಂದಲೂ ‘ಕರಡಿ, ಕರಡಿ, ನವಿಲು ಮಾತಾಡ್ತಿದೀನಿ’ ಎಂಬ ಕೂಗು. ಅಕ್ಕ ಕರಡಿ, ತಮ್ಮ ನವಿಲು. ಹೆಸರು ಅವರೇ ಇಟ್ಟುಕೊಂಡದ್ದು.

ಮೂರನೆಯ ದಿನ ಮಧ್ಯಾಹ್ನ ನವಿಲು ಕೆಂಪು ಮುಖ ಮಾಡಿಕೊಂಡು ಅಡುಗೆಮನೆಗೆ ನುಗ್ಗಿತು.

‘ಅತ್ತೆ, ಅಕ್ಕ ಮೋಸ ಮಾಡಿದ್ಲು. ಬರ್ತೀನಿ ಅಂದ್ಲು. ಹುಣಸೆಮರದ ಕೆಳಗೆ ಎಷ್ಟೊತ್ತು ಕಾಯ್ದೆ ಗೊತ್ತಾ? ಬರ್ಲೇ ಇಲ್ಲ!’

ಅಕ್ಕ ಆಗಲೇ ಮನೆಗೆ ಬಂದು, ಹುರಿದ ಶೇಂಗಾ ಸುಲಿದು ತಿನ್ನುತ್ತ ಕೂತಿದ್ದಳು. ‘ಅಯ್ಯೋ, ನಾನು ಮನೆಗೆ ಹೊರಟಿದ್ದೆ ಕಣೋ. ಅದಕ್ಕೇ ಬರ್ತೀನಿ ಅಂದೆ. ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಅಂತ ಅಜ್ಜಿನೇ ಹೇಳಿಕೊಟ್ಟಿಲ್ವಾ?’

ನಗು ಬಂತು. ಆದರೆ ಹುಡುಗನ ಮುಖ ನೋಡಿ ನುಂಗಿಕೊಂಡೆ. ಇಬ್ಬರದೂ ತಪ್ಪಿರಲಿಲ್ಲ. ನಮ್ಮಲ್ಲಿ ಯಾರ ಮನೆಯಿಂದ ಎದ್ದರೂ ‘ಹೋಗ್ತೀನಿ’ ಎನ್ನುವುದಿಲ್ಲ. ‘ಬರ್ತೀನಿ’ ಎಂದೇ ಹೇಳಿ ಹೋಗುತ್ತೇವೆ. ಎದುರಿಗಿದ್ದಾಗ ಇದರಿಂದ ಯಾವ ಗೊಂದಲವೂ ಆಗದು. ಕಾಲು ಚಪ್ಪಲಿ ಹುಡುಕುತ್ತಿರುತ್ತದೆ, ಕೈ ಮುಗಿದಿರುತ್ತದೆ, ಬ್ಯಾಗು ಹೆಗಲಿಗೇರಿರುತ್ತದೆ. ಮಾತಿನ ಅರ್ಧ ಅರ್ಥವನ್ನು ಕಣ್ಣು ಹೇಳಿಬಿಡುತ್ತದೆ. ವಾಕಿಟಾಕಿಗೆ ಕಣ್ಣಿಲ್ಲ. ಅಲ್ಲಿ ‘ಬರ್ತೀನಿ’ ಅಂದರೆ ಬರುವುದೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಹ್ಯಾಮ್ ರೇಡಿಯೊ ಪರವಾನಗಿಯೂ ಇದೆ. ಹಾಗಾಗಿ ಈ ಜಗಳದ ಪಂಚಾಯ್ತಿ ನನ್ನ ಪಾಲಿಗೆ ಬಂತು. ನಾಲ್ಕು ದಿನ ಮಕ್ಕಳಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ.

ಒಂದೇ ಓಣಿ, ಒಂದೇ ಬಂಡಿ

ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು, ನಡುವೆ ಬಾಯಿ ಹಾಕಬಹುದು. ವಾಕಿಟಾಕಿಯಲ್ಲಿ ಅದಾಗದು. ಹೋಗುವ ಮಾತಿಗೂ ಬರುವ ಮಾತಿಗೂ ಒಂದೇ ತರಂಗಾಂತರ. ಗುಂಡಿ ಒತ್ತಿದಾಗ ನಿಮ್ಮ ಬಾಯಿ ತೆರೆಯುತ್ತದೆ, ಕಿವಿ ಮುಚ್ಚುತ್ತದೆ. ಗುಂಡಿ ಬಿಟ್ಟಾಗ ಮಾತ್ರ ಕಿವಿ ತೆರೆಯುತ್ತದೆ. ಎರಡು ಬಂಡಿ ಎದುರುಬದುರು ಹಾಯಲಾರದ ಓಣಿ ಇದ್ದಹಾಗೆ.

ಹಾಗಾದರೆ ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದರೆ? ಒತ್ತಿದ ಇಬ್ಬರಿಗೂ ಏನೂ ಗೊತ್ತಾಗುವುದಿಲ್ಲ. ಇಬ್ಬರ ಕಿವಿಯೂ ಮುಚ್ಚಿರುತ್ತದಲ್ಲ! ಮೂರನೆಯವರಿಗೆ ಕೇಳುವುದು ಬಲವಾದ ದನಿ ಒಂದೇ. ಎಫ್‌ಎಂ ರೀತಿಯಲ್ಲಿ ಮಾತು ಕಳಿಸುವ ಇಂಥ ರೇಡಿಯೊಗಳಲ್ಲಿ ಬಲವಾದ ಸಂಕೇತ ದುರ್ಬಲವಾದದ್ದನ್ನು ಪೂರ್ತಿ ನುಂಗಿಬಿಡುತ್ತದೆ. ಎರಡೂ ಹೆಚ್ಚುಕಡಿಮೆ ಸಮವಾಗಿದ್ದರೆ ಬರೀ ಕೀರಲು ಸದ್ದು. ದೂರದಲ್ಲಿರುವವನು, ಬಂಡೆಯ ಮರೆಯಲ್ಲಿರುವವನು, ಬ್ಯಾಟರಿ ಇಳಿದವನು ಎಷ್ಟು ಕೂಗಿದರೂ ಹತ್ತಿರದವನ ಹರಟೆಯ ಕೆಳಗೆ ಹೂತುಹೋಗುತ್ತಾನೆ.

ಇದಕ್ಕಾಗಿಯೇ ರೇಡಿಯೊ ಮಾತಿಗೆ ಬೇರೆಯದೇ ಪದಗಳು ಹುಟ್ಟಿದವು. ‘ಓವರ್’ ಅಂದರೆ ‘ನನ್ನ ಸರದಿ ಮುಗಿಯಿತು, ಈಗ ನೀವು ಹೇಳಿ, ಕಾಯುತ್ತಿದ್ದೇನೆ’ ಎಂದು. ‘ಔಟ್’ ಅಂದರೆ ‘ಮಾತು ಮುಗಿಯಿತು, ಉತ್ತರ ಬೇಡ’ ಎಂದು. ಸಿನಿಮಾಗಳಲ್ಲಿ ನಾಯಕ ಗತ್ತಿನಿಂದ ‘ಓವರ್ ಆ್ಯಂಡ್ ಔಟ್’ ಎನ್ನುತ್ತಾನಲ್ಲ, ಅದು ‘ಉತ್ತರ ಕೊಡಿ, ಉತ್ತರ ಕೊಡಬೇಡಿ’ ಎಂದ ಹಾಗೆ! ‘ರೋಜರ್’ ಅಂದರೆ ‘ನೀವು ಹೇಳಿದ್ದು ಕೇಳಿಸಿತು’ ಎಂದಷ್ಟೇ. ‘ಒಪ್ಪಿದೆ’ ಎಂದಲ್ಲ, ‘ಮಾಡುತ್ತೇನೆ’ ಎಂದೂ ಅಲ್ಲ. ಮಾಡುತ್ತೇನೆ ಎನ್ನಲು ‘ವಿಲ್ಕೊ’ ಎಂಬ ಬೇರೆ ಪದವಿದೆ. ನಮ್ಮ ‘ಹೂಂ’, ‘ಆಯ್ತು’ಗಳನ್ನು ನೆನೆಸಿಕೊಳ್ಳಿ. ಕೇಳಿಸಿತು, ಒಪ್ಪಿದೆ, ಮಾಡುತ್ತೇನೆ, ಮಾಡಿ ಮುಗಿಸಿದೆ, ಸಾಕು ನಿಲ್ಲಿಸು: ಎಲ್ಲಕ್ಕೂ ಒಂದೇ ‘ಆಯ್ತು’.

2025ರ ಜುಲೈ 4ರಂದು ಅಂತರಿಕ್ಷ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದ ಮಕ್ಕಳೊಂದಿಗೆ ಮಾತಾಡಿದ್ದು ಹ್ಯಾಮ್ ರೇಡಿಯೊ ಮೂಲಕವೇ. ನಿಲ್ದಾಣ ಒಂದು ಊರಿನ ಆಕಾಶವನ್ನು ಹಾದುಹೋಗಲು ಸುಮಾರು 10 ನಿಮಿಷವಷ್ಟೇ ಸಾಕು. ಅಷ್ಟರೊಳಗೆ ಒಬ್ಬೊಬ್ಬರೂ ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಂಡು, ಮುಂದಿನವರಿಗೆ ದಾರಿ ಬಿಡಬೇಕು. ಇಲ್ಲಿ ‘ಓವರ್’ ಎಂಬ ಒಂದು ಮಾತು ಎಷ್ಟು ಹೊತ್ತು ಉಳಿಸುತ್ತದೆಂದು ನೀವೇ ಲೆಕ್ಕ ಹಾಕಿ.

‘ಇದು ನಮ್ಮ ಚಾನಲ್!’

ನಾಲ್ಕನೆಯ ದಿನ ಇನ್ನೊಂದು ಪ್ರಸಂಗ. ಮಕ್ಕಳು ಆಡುತ್ತಿದ್ದ ಚಾನಲ್ಲಿನಲ್ಲಿ ಇದ್ದಕ್ಕಿದ್ದಂತೆ ಗಂಡಸಿನ ದನಿ: ‘ಇನ್ನೂ ಎರಡು ಲೋಡು ಕಳಿಸು, ಗಾಡಿ ಖಾಲಿ ನಿಂತೈತೆ.’ ಹತ್ತಿರದಲ್ಲೆಲ್ಲೋ ಕೆಲಸ ಮಾಡುತ್ತಿದ್ದವರು.

ನವಿಲಿಗೆ ಸಿಟ್ಟು ಬಂತು. ಗುಂಡಿ ಒತ್ತಿ, ‘ಯಾರ್ರೀ ಅದು? ಇದು ನಮ್ಮ ಚಾನಲ್!’ ಎಂದ.

ಆ ಕಡೆಯಿಂದ ಬಂತು ಉತ್ತರ: ‘ಯಾಕಪ್ಪಾ, ನಿಮ್ಮ ತಾತ ಬರೆದುಕೊಟ್ಟವ್ರಾ?’

ನಾನು ವಾಕಿಟಾಕಿ ಇಸಿದುಕೊಂಡು ಹೇಳಿದೆ, ‘ಅಣ್ಣಾ, ಮಕ್ಕಳು ಆಡ್ತಿದ್ರು, ತಪ್ಪು ತಿಳೀಬೇಡಿ. ನಾವು ಐದನೇ ಚಾನಲ್ಲಿಗೆ ಹೋಗ್ತೀವಿ. ಔಟ್.’ ಆತನೂ ತಣ್ಣಗಾದ. ‘ಇರ್ಲಿ ಬಿಡಮ್ಮ, ಆಡ್ಕೊಳ್ಳಲಿ’ ಎಂದ.

ಇಲ್ಲಿ ದೊಡ್ಡವರು ತಿಳಿಯಬೇಕಾದ ಸಂಗತಿಯೊಂದಿದೆ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ ಸಣ್ಣ ವಾಕಿಟಾಕಿಗಳಿಗೆ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಜಾಗವನ್ನು 2018ರ ನಿಯಮಗಳು ಬಿಟ್ಟುಕೊಟ್ಟಿವೆ. ಅದು ಊರ ಮುಂದಿನ ಬಯಲಿನಂತೆ. ಯಾರು ಬೇಕಾದರೂ ಬರಬಹುದು, ಯಾರೂ ಬೇಲಿ ಹಾಕುವಂತಿಲ್ಲ. ಆನ್‌ಲೈನಿನಲ್ಲಿ ಇದನ್ನು ಮೀರಿದ ಸೆಟ್ಟುಗಳೂ ಮಾರಾಟವಾಗುತ್ತಿದ್ದುದರಿಂದ 2025ರಲ್ಲಿ ಗ್ರಾಹಕರ ರಕ್ಷಣಾ ಪ್ರಾಧಿಕಾರ ಅಂಥ ಮಾರಾಟ ತಡೆಯಲು ಮಾರ್ಗಸೂಚಿ ಹೊರಡಿಸಿತು. ಮಕ್ಕಳಿಗೆ ಕೊಡಿಸುವ ಮೊದಲು ಪೆಟ್ಟಿಗೆಯ ಮೇಲೆ ಈ ಅಂಕಿ ನೋಡಿಕೊಳ್ಳಿ. ಬೇರೆ ತರಂಗಾಂತರಗಳಲ್ಲಿ ಪೊಲೀಸರು, ವಿಮಾನದವರು, ತುರ್ತು ಸೇವೆಯವರು ಇರಬಹುದು. ಅಲ್ಲಿ ಆಟ ಸಲ್ಲದು.

ಇನ್ನೊಂದು ತಪ್ಪು ತಿಳಿವಳಿಕೆ ‘ಪ್ರೈವೆಸಿ ಕೋಡ್’ ಎಂಬುದರದು. ಅದನ್ನು ಹಾಕಿಕೊಂಡರೆ ಮಾತು ಗುಟ್ಟಾಗಿರುತ್ತದೆಂದು ಬಹಳ ಮಂದಿ ನಂಬಿದ್ದಾರೆ. ನಿಜವಾಗಿ ಆ ಕೋಡು ಮಾಡುವುದು ಇಷ್ಟೇ: ಅದೇ ಕೋಡು ಇಲ್ಲದವರ ಮಾತು ನಿಮ್ಮ ಸ್ಪೀಕರಿಗೆ ಬಾರದಂತೆ ತಡೆಯುತ್ತದೆ. ನಿಮ್ಮ ಮಾತು ಮಾತ್ರ ಎಲ್ಲರ ಕಡೆಗೂ ಹೋಗುತ್ತಲೇ ಇರುತ್ತದೆ. ಕಿವಿಗೆ ಹತ್ತಿ ಇಟ್ಟುಕೊಂಡು ಬೀದಿಯಲ್ಲಿ ನಿಂತು ಕೂಗಿದ ಹಾಗೆ. ‘ಯಾರೂ ಇಲ್ಲ’ ಎಂದುಕೊಂಡು ಗುಂಡಿ ಒತ್ತಿದರೆ ಬೇರೆಯವರ ಮುಖ್ಯ ಮಾತನ್ನು ತುಳಿದಿರುತ್ತೀರಿ, ನಿಮಗದು ತಿಳಿದೂ ಇರುವುದಿಲ್ಲ.

‘ಸ್ವಲ್ಪ ತುಳಿದರೆ ಏನಾಗುತ್ತೆ ಅತ್ತೆ?’ ಎಂದು ನವಿಲು ಕೇಳಿತು. ಆಗ ನಾನು ಅವರಿಗೆ ಜಾತ್ರೆಯ ಕಥೆ ಹೇಳಬೇಕಾಯಿತು. ಅದನ್ನು ಮನೆಯಲ್ಲಿ ಅಷ್ಟಾಗಿ ಯಾರಿಗೂ ಹೇಳಿಲ್ಲ.

ನನ್ನ ಹೆಬ್ಬೆರಳಿನ ತಪ್ಪು

ಪರವಾನಗಿ ಬಂದ ಹೊಸತು. ನಮ್ಮ ಸೀಮೆಯ ಒಂದು ಜಾತ್ರೆಯಲ್ಲಿ ಸ್ವಯಂಸೇವಕರ ನೆರವಿಗೆ ಹ್ಯಾಮ್ ಗೆಳೆಯರು ಆರು ಮಂದಿ ನಿಂತಿದ್ದೆವು. ರಥದ ಬಳಿ ಒಬ್ಬರು, ಬಸ್ ನಿಲ್ಲುವ ಬಯಲಿನಲ್ಲಿ ಒಬ್ಬರು, ಕೆರೆ ಏರಿಯ ಮೇಲೆ ನಾನು. ಎಲ್ಲರನ್ನೂ ನಿಭಾಯಿಸುವ ಹಿರಿಯರೊಬ್ಬರು ಚಪ್ಪರದಲ್ಲಿ.

ಸಂಜೆ ಹೊತ್ತಿಗೆ ಚಪ್ಪರದಿಂದ ಸುದ್ದಿ ಬಂತು. ಐದು ವರ್ಷದ ಹುಡುಗ, ಕೆಂಪು ಅಂಗಿ, ಕಾಣುತ್ತಿಲ್ಲ. ತಾಯಿ ಚಪ್ಪರದಲ್ಲೇ ಇದ್ದಾಳೆ. ನಾನು ಏರಿಯ ಮೇಲಿದ್ದ ಮಂಡಕ್ಕಿ ಅಂಗಡಿಯವನನ್ನು ಕೇಳಿದೆ, ಬಲೂನಿನವನನ್ನು ಕೇಳಿದೆ. ಯಾರೂ ನೋಡಿರಲಿಲ್ಲ. ಗುಂಡಿ ಒತ್ತಿ, ‘ಕೆಂಪು ಅಂಗಿ ಹುಡುಗ ಕೆರೆ ಕಡೆ ಬಂದಿಲ್ಲ’ ಎಂದೆ.

ಮಾತು ಪೂರ್ತಿಯಾಗುವ ಮೊದಲೇ ನನ್ನ ಹೆಬ್ಬೆರಳು ಗುಂಡಿಯಿಂದ ಎದ್ದಿತ್ತು. ಚಪ್ಪರದಲ್ಲಿ ಕೇಳಿಸಿದ್ದು ಇಷ್ಟು: ‘ಕೆಂಪು ಅಂಗಿ ಹುಡುಗ ಕೆರೆ ಕಡೆ ಬಂದಿ...’

ನಮ್ಮ ಭಾಷೆಯ ಗುಣವನ್ನೊಮ್ಮೆ ನೋಡಿ. ಬಂದ, ಬರಲಿಲ್ಲ, ಇದೆ, ಇಲ್ಲ, ಮಾಡಿ, ಮಾಡಬೇಡಿ. ಹೌದೋ ಅಲ್ಲವೋ ಎಂಬುದನ್ನು ಕನ್ನಡ ವಾಕ್ಯದ ಕೊನೆಗೆ ಇಟ್ಟುಕೊಂಡಿರುತ್ತದೆ. ಕೊನೆಯ ಅಕ್ಷರ ಬಿದ್ದುಹೋದರೆ ‘ಇಲ್ಲ’ ಹೋಗಿ ‘ಇದೆ’ ಆಗುತ್ತದೆ. ‘ಬಂದಿಲ್ಲ’ ಎಂದದ್ದು ‘ಬಂದಿದಾನೆ’ ಆಯಿತು.

ಐದೇ ನಿಮಿಷಕ್ಕೆ ಜನ ಏರಿಯ ಕಡೆ ಓಡಿಬಂದರು. ಏನಾಯಿತೆಂದು ನನಗೆ ಅರ್ಥವೇ ಆಗಲಿಲ್ಲ. ಇಬ್ಬರು ಯುವಕರು ಅಂಗಿ ಬಿಚ್ಚಿ ನೀರಿಗೆ ಇಳಿದರು. ಆ ತಾಯಿ ಬರಿಗಾಲಿನಲ್ಲಿ ಬಂದು ಮೊಣಕಾಲು ಮಟ್ಟದ ಕೆಸರಿನಲ್ಲಿ ನಿಂತು ಮಗನ ಹೆಸರು ಕೂಗುತ್ತಿದ್ದಳು. ಚಾನಲ್ಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಸಿಕ್ಕಿದನಾ? ಎಲ್ಲಿ? ಯಾರು ನೋಡಿದ್ದು? ಆಂಬುಲೆನ್ಸ್ ಬೇಕಾ? ನಾನೂ ಮಾತಾಡುತ್ತಿದ್ದೆ.

ಕೊನೆಗೆ ಚಪ್ಪರದ ಹಿರಿಯರ ದನಿ ಬಂತು. ಅವರು ಎತ್ತರಿಸಿ ಹೇಳಲಿಲ್ಲ. ‘ಎಲ್ಲರೂ ಗುಂಡಿ ಬಿಡಿ. ಒಂದು ನಿಮಿಷ ಯಾರೂ ಮಾತಾಡಬೇಡಿ. ನಾನು ಕರೆದವರು ಮಾತ್ರ ಹೇಳಿ.’

ಚಾನಲ್ ಮೌನವಾಯಿತು. ಆ ಮೌನದೊಳಗಿಂದ ಬಹಳ ಸಣ್ಣಗೆ, ಕರಕರ ಸದ್ದಿನ ನಡುವೆ, ಬಸ್ ಬಯಲಿನ ಗೆಳೆಯನ ದನಿ ಕೇಳಿತು. ‘ಹುಡುಗ ನನ್ನ ಹತ್ರ ಇದಾನೆ. ಕೆಂಪು ಅಂಗಿ. ಕಾಲು ಗಂಟೆಯಿಂದ ಕೂಗ್ತಿದೀನಿ. ಯಾರಾದರೂ ಕೇಳಿಸ್ಕೊಳ್ರೀ. ಓವರ್.’ ಬ್ಯಾಟರಿ ಇಳಿದಿದ್ದ ಅವನ ಸೆಟ್ಟು ನಮ್ಮೆಲ್ಲರ ದನಿಯ ಕೆಳಗೆ ಸಿಕ್ಕಿಕೊಂಡಿತ್ತು.

ಹುಡುಗ ಅವನ ಹೆಗಲ ಮೇಲೆ ಮಂಡಕ್ಕಿ ತಿನ್ನುತ್ತ ಕೂತಿದ್ದನಂತೆ. ತಾಯಿ ಹೋಗುವ ಮುಂಚೆ ನನ್ನನ್ನು ನೋಡಿ, ‘ಕೆರೆ ಕಡೆ ಅಂದಿದ್ದು ನೀವೇನಾ ಅಕ್ಕಾ?’ ಎಂದು ಕೇಳಿದಳು. ಹೌದೆಂದೆ. ಆಕೆ ಬೈಯಲಿಲ್ಲ. ಸೆರಗಿನಿಂದ ಕಾಲಿನ ಕೆಸರು ಒರೆಸಿಕೊಂಡು ಹೊರಟುಹೋದಳು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೊ.

ಅಂದಿನಿಂದ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು ಶುರುಮಾಡುವುದು. ಮಾತು ಮುಗಿದ ಮೇಲೆ ಒಂದು ಕ್ಷಣ ತಡೆದು ಗುಂಡಿ ಬಿಡುವುದು. ಮತ್ತೆ, ‘ಇಲ್ಲ’ ಎನ್ನುವುದಿದ್ದರೆ ಅದನ್ನೇ ಮೊದಲು ಹೇಳುತ್ತೇನೆ. ‘ಇಲ್ಲ. ಹುಡುಗ ಇಲ್ಲಿಲ್ಲ. ಮತ್ತೆ ಹೇಳ್ತೀನಿ, ಇಲ್ಲಿಲ್ಲ.’

ಹಡಗಿನಲ್ಲೂ ಇದೇ, ದ್ವೀಪದಲ್ಲೂ ಇದೇ

ಇಂಥ ತಪ್ಪಿಗೆ ಜಗತ್ತು ದೊಡ್ಡ ಬೆಲೆಯನ್ನೇ ತೆತ್ತಿದೆ. 1912ರ ಏಪ್ರಿಲ್ 14ರ ರಾತ್ರಿ ಕ್ಯಾಲಿಫೋರ್ನಿಯನ್ ಎಂಬ ಹಡಗು ಮಂಜುಗಡ್ಡೆಯ ನಡುವೆ ಸಿಕ್ಕಿ ನಿಂತಿತ್ತು. ಅದರ ರೇಡಿಯೊ ನೋಡಿಕೊಳ್ಳುತ್ತಿದ್ದ ಸಿರಿಲ್ ಇವಾನ್ಸ್ ಎಂಬ 20 ವರ್ಷದ ಯುವಕ ಆ ಸಂಗತಿಯನ್ನು ಟೈಟಾನಿಕ್‌ಗೆ ತಿಳಿಸಲು ಹೋದ. ಆತ ಹೇಳಿದ್ದು ಗೆಳೆಯನೊಂದಿಗೆ ಹರಟುವ ಧಾಟಿಯಲ್ಲಿ. ಟೈಟಾನಿಕ್‌ನ ಜ್ಯಾಕ್ ಫಿಲಿಪ್ಸ್ ಆ ಹೊತ್ತಿನಲ್ಲಿ ಪ್ರಯಾಣಿಕರ ಸಂದೇಶಗಳ ರಾಶಿಯನ್ನು ದೂರದ ಕೇಪ್ ರೇಸ್ ಕೇಂದ್ರಕ್ಕೆ ಕಳಿಸುತ್ತಿದ್ದ. ಹತ್ತಿರದ ಹಡಗಿನ ಸಂಕೇತ ಅವನ ಕಿವಿಗೆ ಗಟ್ಟಿಯಾಗಿ ಅಪ್ಪಳಿಸಿತು. ‘ಸುಮ್ಮನಿರು, ಕೆಲಸದಲ್ಲಿದ್ದೇನೆ’ ಎಂಬರ್ಥದಲ್ಲಿ ಗದರಿಬಿಟ್ಟ. ಬೆಳಗಿನಿಂದ ದುಡಿದು ದಣಿದಿದ್ದ ಇವಾನ್ಸ್ ಸ್ವಲ್ಪ ಹೊತ್ತು ಕೇಳಿ, ಸೆಟ್ಟು ಆರಿಸಿ ಮಲಗಿದ. 11 ಗಂಟೆ 40 ನಿಮಿಷಕ್ಕೆ ಟೈಟಾನಿಕ್ ಮಂಜಿನ ಬೆಟ್ಟಕ್ಕೆ ಡಿಕ್ಕಿಯಾಯಿತು. ಅದು ನೆರವಿಗಾಗಿ ಕೂಗಿದಾಗ ಹತ್ತಿರದ ಹಡಗಿನಲ್ಲಿ ಕೇಳುವ ಕಿವಿ ಎಚ್ಚರವಿರಲಿಲ್ಲ. 1,500ಕ್ಕೂ ಹೆಚ್ಚು ಜನ ಸತ್ತರು. ಫಿಲಿಪ್ಸ್ ಕೊನೆಯವರೆಗೂ ಸಂಕೇತ ಕಳಿಸುತ್ತಲೇ ಇದ್ದು ತಾನೂ ಉಳಿಯಲಿಲ್ಲ. ಇಬ್ಬರೂ ಕೆಟ್ಟವರಲ್ಲ. ಒಬ್ಬನಿಗೆ ‘ಇದು ತುರ್ತು’ ಎಂದು ಹೇಳುವ ರೀತಿ ಹೊಳೆಯಲಿಲ್ಲ, ಇನ್ನೊಬ್ಬನಿಗೆ ಕೇಳುವ ವ್ಯವಧಾನ ಇರಲಿಲ್ಲ. ಇದಾದ ಮೇಲೆ 1914ರ ಅಂತರರಾಷ್ಟ್ರೀಯ ಒಪ್ಪಂದ ಹಡಗುಗಳ ರೇಡಿಯೊ ಕಾವಲಿಗೆ ನಿಯಮ ತಂದಿತು.

ಸರಿಯಾಗಿ ನಡೆದದ್ದಕ್ಕೂ ಉದಾಹರಣೆ ಇದೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿತ್ತು. ಅಂಡಮಾನಿನ ದನಿ ಅಪರೂಪವಾದ್ದರಿಂದ ಒಂದು ಮಾತಿಗಾಗಿ ಜಗತ್ತಿನ ಹ್ಯಾಮ್‌ಗಳು ಸರದಿ ನಿಂತಿದ್ದರು. 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ಫೋನುಗಳು ಸತ್ತವು. ಹವ್ಯಾಸಕ್ಕೆಂದು ತೆರೆದಿದ್ದ ಕೇಂದ್ರ ಪರಿಹಾರ ಕಾರ್ಯದ ಕೇಂದ್ರವಾಯಿತು. ಬದುಕಿದ್ದವರ ಸುದ್ದಿ ಅದರ ಮೂಲಕವೇ ದೂರದ ಊರುಗಳ ಮನೆಗಳಿಗೆ ಮುಟ್ಟಿತು.

ಸಿದ್ದಾಪುರದ ಬಂಡೆ ಹೇಳುವುದು

ರಜೆ ಮುಗಿಯುವ ಹಿಂದಿನ ದಿನ ಮಕ್ಕಳನ್ನು ನಮ್ಮೂರಿನ ಅಶೋಕನ ಶಾಸನಕ್ಕೆ ಕರೆದೊಯ್ದೆ. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ: ಮೊಳಕಾಲ್ಮೂರು ತಾಲ್ಲೂಕಿನ ಈ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯದನ್ನು ಜನ ‘ಅಕ್ಷರ ಗುಂಡು’ ಎನ್ನುತ್ತಾರೆ. ಸಿದ್ದಾಪುರದಲ್ಲಿ ಅಕ್ಷರಗಳು ಸಾಕಷ್ಟು ಸವೆದಿವೆ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಮಕ್ಕಳಿಗೆ ಗೀರುಗಳಷ್ಟೇ ಕಂಡವು.

‘ಇದೂ ಒಂದು ವಾಕಿಟಾಕಿ ಮಾತೇ’ ಎಂದೆ. ನಂಬಲಿಲ್ಲ. ಆಗ ಶಾಸನದ ಕ್ರಮ ವಿವರಿಸಿದೆ. ಮೊದಲಿಗೆ, ಸಂದೇಶ ಎಲ್ಲಿಂದ, ಯಾರಿಂದ: ಸುವರ್ಣಗಿರಿಯಿಂದ, ಅಲ್ಲಿನ ಆರ್ಯಪುತ್ರ ಮತ್ತು ಮಹಾಮಾತ್ರರಿಂದ. ಆಮೇಲೆ, ಯಾರಿಗೆ: ಇಸಿಲದ ಮಹಾಮಾತ್ರರಿಗೆ. ಆಮೇಲೆ, ಅವರ ಆರೋಗ್ಯ ವಿಚಾರ. ಅದಾದ ಮೇಲೆಯೇ ದೊರೆಯ ಮಾತು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳಬೇಕು. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಬರೆದವನ ಹೆಸರು: ಚಪಡ. ತಾನು ಲಿಪಿಕಾರ ಎಂಬ ಮಾತನ್ನು ಆತ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ವಾಯವ್ಯ ಭಾಗದ ಆ ಲಿಪಿ ಇಲ್ಲಿ ಅವನದೇ ಗುರುತಿನಂತಿದೆ.

‘ಹಾಗಾದ್ರೆ ಅದು ಅವನ ಕಾಲ್‌ಸೈನ್!’ ಎಂದಳು ಕರಡಿ. ನಮ್ಮ ದೇಶದ ಹ್ಯಾಮ್‌ಗಳಿಗೆ ವಿಯು2, ವಿಯು3 ಎಂದು ಶುರುವಾಗುವ ಗುರುತು ಕೊಡುತ್ತಾರೆಂದು ಅವಳಿಗೆ ಹಿಂದಿನ ದಿನವೇ ಹೇಳಿದ್ದೆ. ಪರೀಕ್ಷೆ ಬರೆಯಲು 12 ತುಂಬಿದರೆ ಸಾಕು ಎಂದಿದ್ದನ್ನೂ ಅವಳು ಮರೆತಿರಲಿಲ್ಲ.

‘ಓವರ್ ಎಲ್ಲಿ ಬರ್ದಿದಾನೆ?’ ಎಂದು ನವಿಲು ಬಂಡೆಯ ಮೇಲೆ ಹುಡುಕತೊಡಗಿತು.

ಮಾರನೆಯ ಬೆಳಿಗ್ಗೆ ಅಣ್ಣ ಕಾರು ತಂದು ಮಕ್ಕಳನ್ನು ಕರೆದುಕೊಂಡು ಹೋದ. ಮೂರನೆಯ ವಾಕಿಟಾಕಿ ನನ್ನ ಕೈಯಲ್ಲೇ ಉಳಿದಿತ್ತು. ಅಜ್ಜಿಗೆ ‘ಬರ್ತೀವಿ’ ಎಂದೇ ಹೇಳಿ ಕಾರು ಹತ್ತಿದರು. ಕಾರು ಊರ ತಿರುವು ದಾಟುವ ಹೊತ್ತಿಗೆ ಕೈಯಲ್ಲಿದ್ದ ಸೆಟ್ಟು ಕರಕರ ಎಂದಿತು.

‘ಕಾರಿನಿಂದ ನವಿಲು ಮತ್ತು ಕರಡಿ. ಸಿದ್ದಾಪುರದ ಅತ್ತೆಗೆ. ಆರೋಗ್ಯವೇ? ನಾವು ಈಗ ಹೋಗ್ತಿದೀವಿ. ಬರ್ತಿಲ್ಲ. ಮತ್ತೆ ಹೇಳ್ತೀನಿ, ಬರ್ತಿಲ್ಲ. ಬೇಸಿಗೆಗೆ ಬರ್ತೀವಿ. ಓವರ್.’

ಮಾತು ಒಂದೂ ಕತ್ತರಿಸಿರಲಿಲ್ಲ. ಕೊನೆಯ ‘ಓವರ್’ ಆದ ಮೇಲೂ ಒಂದು ಕ್ಷಣ ಕಾರಿನ ಸದ್ದು ಕೇಳುತ್ತಿತ್ತು. ಆಮೇಲೆಯೇ ಗುಂಡಿ ಬಿಟ್ಟದ್ದು.

‘ಆರೋಗ್ಯ. ಕಾಯ್ತಿರ್ತೀನಿ. ಔಟ್’ ಎಂದೆ. ನಾನೂ ಹೆಬ್ಬೆರಳನ್ನು ಒಂದು ಕ್ಷಣ ತಡೆದು ತೆಗೆದೆ.